ಫ್ರಾನ್ಸಿನ ಅಟ್ಲಾಂಟಿಕ್ ದಂಡೆಯಲ್ಲಿ ಒಂದು ವಾರ ಸೈಕಲ್ ಸವಾರಿ: ಹೊರಡುವುದು ಹೇಗೆ?

ವಾಯವ್ಯ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ರಾಸ್ಕಾಫ್‌ನಿಂದ ಸ್ಪೇನ್ ಗಡಿಯ ಆಂಡೇ ತನಕ ಹೋಗುವ ಸೈಕಲ್ ಹಾದಿಯ ಹೆಸರು 'ವೆಲೋಡಿಸ್ಸೆ'. ಉದ್ದ 1,200 ಕಿ.ಮೀ.ಗೂ ಹೆಚ್ಚು. ಅಷ್ಟನ್ನೂ ಮುಗಿಸಿಯೇ ತೀರುತ್ತೇನೆಂದು ಹಠ ಹಿಡಿದರೆ ರಜೆ ಹೋಗಿ ಹರಕೆಯಾಗುತ್ತದೆ. ಒಂದು ವಾರ ಕೈಯಲ್ಲಿದ್ದವರಿಗೆ ಲಾ ರೊಶೆಲ್‌ನಿಂದ ಆರ್ಕಶೋನ್ ವರೆಗಿನ ತುಂಡು ಸಾಕು. ನೆಲ ಬಹುತೇಕ ಸಮತಟ್ಟು. ದಿನಕ್ಕೆ ಸುಮಾರು 40 ಕಿ.ಮೀ. ತುಳಿದರೆ ಮಧ್ಯಾಹ್ನದ ನಿದ್ದೆಗೂ ಸಮಯ ಉಳಿಯುತ್ತದೆ.

ಮೊದಲು ತಿಂಗಳು ಗೊತ್ತುಮಾಡಿ. ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಫ್ರೆಂಚರೇ ಕುಟುಂಬಸಮೇತ ಕಡಲಿಗೆ ಬರುವುದರಿಂದ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಜೂನ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೂ ಬೆಳಕಿರುತ್ತದೆ.

ಭಾರತದಿಂದ ಹೋಗುವವರಿಗೆ ಶೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹೊರಡುವುದಕ್ಕೆ 15 ದಿನ ಮೊದಲಾದರೂ ಹಾಕಿರಲೇಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ.

ಸೈಕಲನ್ನು ವಿಮಾನದಲ್ಲಿ ಹೊತ್ತೊಯ್ಯುವ ಗೋಜು ಬೇಡ, ಅಲ್ಲೇ ಬಾಡಿಗೆಗೆ ಪಡೆಯಿರಿ. ಲಾ ರೊಶೆಲ್‌ನಲ್ಲಿ ಪಡೆದದ್ದನ್ನು ಬೇರೆ ಊರಿನಲ್ಲಿ ಬಿಡಬಹುದೇ ಎಂದು ಮುಂಗಡ ಕೊಡುವ ಮುಂಚೆಯೇ ಕೇಳಿಕೊಳ್ಳಿ. ಸಾಮಾನನ್ನು ಬೆನ್ನಿಗೆ ಹಾಕಬೇಡಿ. ಕ್ಯಾರಿಯರ್‌ನ ಎರಡೂ ಬದಿಗೆ ಚೀಲ ಕಟ್ಟಿಸಿಕೊಳ್ಳಿ. ತಂಗಲು 'ಅಕ್ಯೂಯಿ ವೆಲೋ' ಫಲಕವಿರುವ ಮನೆ, ಹೋಟೆಲು ಹುಡುಕಿ. ಅಲ್ಲಿ ಸೈಕಲ್ ನಿಲ್ಲಿಸಲು ಭದ್ರವಾದ ಜಾಗ, ರಿಪೇರಿ ಸಾಮಾನು ಎರಡೂ ಇರುತ್ತವೆ.

ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ಲಾ ರೊಶೆಲ್‌ಗೆ ವೇಗದ ರೈಲುಂಟು. ಮೊದಲ ದಿನವೇ ದಕ್ಷಿಣಕ್ಕೆ ಹೊರಡಬೇಡಿ, ರೇ ದ್ವೀಪ ಸುತ್ತಿ ಬನ್ನಿ. 1988ರಲ್ಲಿ ತೆರೆದ ಸುಮಾರು 3 ಕಿ.ಮೀ. ಸೇತುವೆಗೆ ಕಾರಿನವರು ಸುಂಕ ಕಟ್ಟಬೇಕು, ಸೈಕಲ್ಲಿಗೆ ಪುಕ್ಕಟೆ. ದ್ವೀಪದೊಳಗೆ ಹಾದಿ ಉಪ್ಪಿನ ಆಗರಗಳ ನಡುವೆಯೇ ಸಾಗುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟದ ಆಗರ ನೋಡಿದವರಿಗೆ ಆ ಬದುಗಳ ಲೆಕ್ಕಾಚಾರ ಕಂಡೊಡನೆ ಅರ್ಥವಾದೀತು.

ಆಮೇಲೆ ದಕ್ಷಿಣಕ್ಕೆ ತಿರುಗಿ. ಬೇಸಿಗೆಯಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ, ಬೆನ್ನು ತಳ್ಳುತ್ತದೆ. ರೋಶ್‌ಫೋರ್‌ನಲ್ಲಿ 1900ರ ಕಬ್ಬಿಣದ ಸೇತುವೆಯೊಂದಿದೆ. ಅದರ ಮೇಲೆ ರಸ್ತೆಯೇ ಇಲ್ಲ! ಎತ್ತರದ ತೊಲೆಯಿಂದ ತೂಗುವ ತಟ್ಟೆಯೊಂದು ನಿಮ್ಮನ್ನೂ ಸೈಕಲನ್ನೂ ಶರಾಂತ್ ನದಿಯಾಚೆ ಒಯ್ದು ಇಳಿಸುತ್ತದೆ. ಅದು ಓಡುವ ದಿನ, ವೇಳೆ ವಿಚಾರಿಸಿಕೊಂಡೇ ಹೋಗಿ. ಮುಂದೆ ಮರೆನ್ ಸುತ್ತ ಸಿಂಪಿ ಸಾಕಣೆಯ ಕೊಳಗಳು, ಕೂಬ್ರ್ ಕಾಡು, ಯುದ್ಧದ ಬಾಂಬಿಗೆ ನೆಲಸಮವಾಗಿ 1950ರ ದಶಕದಲ್ಲಿ ಕಾಂಕ್ರೀಟಿನಲ್ಲಿ ಮತ್ತೆದ್ದ ರೊಯಾನ್.

ರೊಯಾನ್‌ನಿಂದ ಜಿರೋಂದ್ ಅಳಿವೆ ದಾಟಲು ಫೆರ್ರಿ ಇದೆ. ದೂರ ನೀರಿನ ನಡುವೆ ಕಾಣುವ ಕೊರ್ದುವಾನ್ ದೀಪಸ್ತಂಭ 1611ರಿಂದ ಅಲ್ಲಿಯೇ ನಿಂತಿದೆ.

ಆಚೆ ದಡದ ಪೈನ್ ಕಾಡಿನಲ್ಲಿ ನೆರಳು ಧಾರಾಳ, ಅಂಗಡಿ ವಿರಳ. ಕೆಲವೆಡೆ ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಹಾಕಿಸಿದ ಕಿರಿದಾದ ಸಿಮೆಂಟ್ ಹಾದಿಯೇ ಇಂದಿಗೂ ಸೈಕಲ್ ದಾರಿ. ಬೇರು ಎತ್ತಿದ ಕಡೆ ಕುಲುಕುತ್ತದೆ. ನೀರು, ಪಂಪು, ಒಂದು ಟ್ಯೂಬು ಜೊತೆಗಿರಲಿ.

ಊಟದ ವಿಷಯದಲ್ಲಿ ಗಡಿಯಾರ ನೋಡುವುದು ಅನಿವಾರ್ಯ. ಮಧ್ಯಾಹ್ನ ಎರಡು ದಾಟಿದರೆ ಬಹಳಷ್ಟು ಅಡುಗೆಮನೆಗಳು ಮುಚ್ಚುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ಸಣ್ಣ ಊರಿನ ಅಂಗಡಿಗಳೂ ಅಷ್ಟೇ. ಸಸ್ಯಾಹಾರಿಗಳು ಬೆಳಿಗ್ಗೆಯೇ ಬೇಕರಿಯಲ್ಲಿ ಬಾಗೆತ್ ಬ್ರೆಡ್ಡು, ಸಂತೆಯಲ್ಲಿ ಚೀಸು, ಟೊಮೆಟೊ, ಹಣ್ಣು ಕೊಂಡಿಟ್ಟುಕೊಂಡರೆ ಯಾರನ್ನೂ ಕಾಯಬೇಕಿಲ್ಲ.

ರಸ್ತೆಯ ಬಲಬದಿ ಬಿಡಬೇಡಿ. ಹೆಲ್ಮೆಟ್ ಕಾನೂನು 12 ವರ್ಷದೊಳಗಿನವರಿಗೆ ಮಾತ್ರ, ಆದರೂ ಹಾಕಿಕೊಳ್ಳಿ. ತುರ್ತಿಗೆ 112.

ಕೊನೆಗೆ ಕಪ್ ಫೆರೆಯಿಂದ ದೋಣಿ ಹತ್ತಿ ಆರ್ಕಶೋನ್‌ಗೆ ಇಳಿಯಿರಿ. ಕೊಲ್ಲಿ ಸುತ್ತುವ ಶ್ರಮ ತಪ್ಪುತ್ತದೆ. ಹತ್ತಿರದಲ್ಲೇ 100 ಮೀಟರ್ ಎತ್ತರದ ಪಿಲಾ ಮರಳುದಿಬ್ಬ. ಬುಡದಲ್ಲಿ ಸೈಕಲಿಗೆ ಬೀಗ ಹಾಕಿ ಬರಿಗಾಲಲ್ಲಿ ಹತ್ತಿ. ಆರ್ಕಶೋನ್‌ನಿಂದ ಬೋರ್ಡೋಗೆ ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಯೊಳಗಿನ ಹಾದಿ, ಸೈಕಲ್ ಬಿಚ್ಚಬೇಕಾಗಿಲ್ಲ.