ಒಗ್ಗರಣೆ ಇಲ್ಲದ ಹಬ್ಬದೂಟ

ಯಹೂದಿಗಳ ಪಾಸೋವರ್ ಹಬ್ಬದ ಮೊದಲ ರಾತ್ರಿಯ ಸೇಡರ್, ಅಂದರೆ ಹಬ್ಬದ ಕಥೆ ಓದಿ ಮಾಡುವ ವಿಧಿಬದ್ಧ ಊಟ, ಈ ಸಲ ನಿಮ್ಮ ಮನೆಯಲ್ಲೇ ಆಗಲಿ ಎಂದು ಅತ್ತೆ ಹೇಳಿದ್ದು 2024ರಲ್ಲಿ. ಅವರ ಮಂಡಿನೋವು ಹೆಚ್ಚಾಗಿತ್ತು. ನ್ಯೂಜೆರ್ಸಿಯ ನಮ್ಮ ಮನೆಗೆ ಹನ್ನೆರಡು ಜನ ಬರುವವರಿದ್ದರು. ಪತಿಯ ಮನೆಯವರು ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳು; ನಾನು ಧಾರವಾಡದ ಸಸ್ಯಾಹಾರಿ. ಅಡುಗೆಯ ಯೋಚನೆಗೆ ಮೊದಲು ಅತ್ತೆಗೆ ಫೋನ್ ಮಾಡಿ ನಿಯಮಗಳನ್ನು ಇತ್ಯರ್ಥ ಮಾಡಿಕೊಂಡೆ. ಯಾವ ಮನೆಯ ಪದ್ಧತಿ, ಎಷ್ಟು ಕಟ್ಟುನಿಟ್ಟು ಎನ್ನುವುದು ತೀರ್ಮಾನವಾಗದೆ ಅಂಗಡಿಗೆ ಹೋದರೆ ಅರ್ಧ ಸಾಮಾನು ವ್ಯರ್ಥ.

ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಈ ಐದು ಧಾನ್ಯಗಳ ಹಿಟ್ಟು ನೀರು ಸೋಕಿದ 18 ನಿಮಿಷದೊಳಗೆ ಬೇಯದಿದ್ದರೆ ಅದು ಹಮೇಟ್ಸ್, ಹಬ್ಬಕ್ಕೆ ನಿಷಿದ್ಧ. ಈ ಹಬ್ಬ ನೆನೆಯುವುದೇ ಯಹೂದಿಗಳು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು; ಅಲ್ಲಿಂದ ಹೊರಟವರಿಗೆ ಹಿಟ್ಟು ಹುದುಗಲು ಪುರಸೊತ್ತಿರಲಿಲ್ಲವಲ್ಲ. ಅಶ್ಕೆನಾಜಿಗಳು ಇದರ ಮೇಲೆ ಅಕ್ಕಿ, ಬೇಳೆಕಾಳು, ಸಾಸಿವೆಯನ್ನೂ ಬಿಡುತ್ತಾರೆ. ಇವುಗಳಿಗೆ ಕಿಟ್ನಿಯೋಟ್ ಎಂದು ಹೆಸರು. ಅಮೆರಿಕದ ಯಹೂದಿಗಳ ಕನ್ಸರ್ವೇಟಿವ್ ಪಂಥದ ಧರ್ಮಸಮಿತಿ 2015ರಲ್ಲೇ ಕಿಟ್ನಿಯೋಟ್‌ಗೆ ಅನುಮತಿ ಕೊಟ್ಟಿದೆ. ಅದನ್ನು ಹೇಳಿ ನೋಡಿದೆ. "ಸಮಿತಿಯವರು ತಿನ್ನಲಿ, ನಮ್ಮ ಅಜ್ಜಿ ತಿನ್ನುತ್ತಿರಲಿಲ್ಲ" ಎಂದರು ಅತ್ತೆ. ಚರ್ಚೆ ಅಲ್ಲಿಗೆ ಮುಗಿಯಿತು.

ಗೋಧಿಹಿಟ್ಟು, ರವೆ, ಶಾವಿಗೆ ಹೊರಗೆ ಹೋಗುತ್ತವೆ ಎಂದು ಗೊತ್ತೇ ಇತ್ತು. ಪೇಚಿಗೆ ಸಿಕ್ಕಿಸಿದ್ದು ಒಗ್ಗರಣೆ ಡಬ್ಬಿ. ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ ಮೂರೂ ಕಿಟ್ನಿಯೋಟ್. ಹುಳಿಪುಡಿಯಲ್ಲಿ ಬೇಳೆ. ಇಂಗಾದರೂ ಉಳಿಯಿತು ಎಂದುಕೊಂಡು ಡಬ್ಬಿ ತಿರುಗಿಸಿ ಓದಿದರೆ ಸಣ್ಣ ಅಕ್ಷರದಲ್ಲಿ ಗೋಧಿಹಿಟ್ಟು! ಪುಡಿ ಇಂಗಿಗೆ ಮೈದಾ ಅಥವಾ ಗೋಧಿಹಿಟ್ಟು ಬೆರೆಸುವುದು ಸಾಮಾನ್ಯ. ಹಾಗಾಗಿ ಅದು ಕಿಟ್ನಿಯೋಟ್ ಕೂಡ ಅಲ್ಲ, ಅಪ್ಪಟ ಹಮೇಟ್ಸ್. ನಮ್ಮಂಥ ಮನೆಯವರು ಮೊದಲು ನೋಡಬೇಕಾದ ಡಬ್ಬಿ ಇದೇ. ಎಲ್ಲವನ್ನೂ ಪಕ್ಕದ ಬೀದಿಯ ಕನ್ನಡದ ಗೆಳತಿಯ ಮನೆಗೆ ಸಾಗಿಸಿದೆ. ಕೊನೆಗೆ ಉಳಿದದ್ದು ಕರಿಮೆಣಸು, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ತೆಂಗಿನಕಾಯಿ. ಇಷ್ಟರಲ್ಲೇ ಆಲೂಗಡ್ಡೆ ಪಲ್ಯ ಮಾಡಿ, ಕೊನೆಗೆ ಹಸಿ ಕರಿಬೇವನ್ನು ಕೈಯಲ್ಲಿ ಹಿಸುಕಿ ಕೊಬ್ಬರಿ ಎಣ್ಣೆಯ ಜೊತೆ ಮೇಲೆ ಹಾಕಿದೆ. ಒಗ್ಗರಣೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಪಾತ್ರೆ ಖಾಲಿಯಾಯಿತು.

ಸೇಡರ್ ತಟ್ಟೆಯಲ್ಲಿ ಕುರಿಯ ಮೂಳೆ ಇಡುವುದು ವಾಡಿಕೆ. ಅದರ ಬದಲು ಸುಟ್ಟ ಬೀಟ್‌ರೂಟ್ ಇಟ್ಟೆ. ಇದು ಇತ್ತೀಚಿನ ಸಸ್ಯಾಹಾರಿಗಳ ಹೊಸ ಉಪಾಯವಲ್ಲ. ಆ ರಾತ್ರಿ ಇಡಬೇಕಾದ ಎರಡು ಬೇಯಿಸಿದ ಪದಾರ್ಥಗಳು ಬೀಟ್ ಮತ್ತು ಅಕ್ಕಿಯಾದರೂ ನಡೆಯುತ್ತದೆ ಎಂದು ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮೂಡ್‌ನಲ್ಲಿ ಪಂಡಿತ ರಾವ್ ಹೂನಾ ಹೇಳುತ್ತಾರೆ. ಅಕ್ಕಿಯ ಮಾತನ್ನು ಅತ್ತೆಯ ಮುಂದೆ ಎತ್ತಲಿಲ್ಲ.

ಕಹಿಗೆ, ಅಂದರೆ ಮಾರೋರ್‌ಗೆ, ಹಾರ್ಸ್‌ರ‍್ಯಾಡಿಶ್ ಬೇರು. ಹೊರಗಿನಿಂದ ಕೊಳೆ ಮೆತ್ತಿದ ಕೊರಡು. ಸಿಪ್ಪೆ ತೆಗೆಯುವವರೆಗೆ ಸುಮ್ಮನಿರುತ್ತದೆ, ತುರಿಮಣೆಗೆ ತಾಗಿದ ಕೂಡಲೇ ಮೂಗಿನ ಬುಡಕ್ಕೆ ಏರುತ್ತದೆ. ಕಿಟಕಿ ತೆರೆದು, ಮುಖ ಆಚೆ ತಿರುಗಿಸಿ ತುರಿಯಬೇಕು. ಸಸ್ಯಶಾಸ್ತ್ರದ ಪ್ರಕಾರ ಇದು ಸಾಸಿವೆಯ ಕುಟುಂಬದ್ದೇ. ದಾಯಾದಿಯನ್ನು ಮನೆಯಿಂದ ಹೊರಗಟ್ಟಿ ಇದಕ್ಕೆ ಅಗ್ರಪೂಜೆ! ಅದರ ಜೊತೆಗಿನ ಸಿಹಿ ಮಿಶ್ರಣ ಹರೋಸೆಟ್‌ಗೆ ಸೇಬು, ಅಕ್ರೋಟ, ದಾಲ್ಚಿನ್ನಿ, ಸ್ವಲ್ಪ ವೈನ್. ಯುಗಾದಿ ಮುಗಿದು ಎರಡು ವಾರವಾಗಿತ್ತಷ್ಟೇ, ಹಾಗಾಗಿ ಊರಿನಿಂದ ಫೋನ್ ಮಾಡಿದವರೆಲ್ಲ "ಓ, ಬೇವು ಬೆಲ್ಲ" ಎಂದರು. ನನಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಬೇವು ಬೆಲ್ಲ ಬರಲಿರುವ ವರ್ಷಕ್ಕೆ. ಇಲ್ಲಿ ಕಹಿ ಕಳೆದುಹೋದ ಗುಲಾಮಗಿರಿಗೆ, ಸಿಹಿ ಕೂಡ ಗುಲಾಮರು ಇಟ್ಟಿಗೆಗೆ ಮೆತ್ತಿದ ಗಾರೆಗೆ.

ಮಾಟ್ಜಾ ಎಂದರೆ ಹುದುಗದ ಹಿಟ್ಟಿನ ತೆಳು ರೊಟ್ಟಿ. ಸೂಪಿನ ಮಾಟ್ಜಾ ಉಂಡೆಗಳಿಗೆ ಒಂದು ಕಪ್ ಮಾಟ್ಜಾ ಪುಡಿ, ನಾಲ್ಕು ಮೊಟ್ಟೆ, ಕಾಲು ಕಪ್ ಎಣ್ಣೆ, ಕಾಲು ಕಪ್ ತರಕಾರಿ ಸಾರು, ಉಪ್ಪು. ಕಲಸಿ ಅರ್ಧ ಗಂಟೆಯಾದರೂ ಫ್ರಿಜ್‌ನಲ್ಲಿಡಿ. ಒದ್ದೆ ಕೈಯಲ್ಲಿ ನೆಲ್ಲಿಕಾಯಿ ಗಾತ್ರ ಕಟ್ಟಿ, ಕುದಿಯುವ ಉಪ್ಪುನೀರಿಗೆ ಬಿಟ್ಟು, ಉರಿ ತಗ್ಗಿಸಿ, ಮುಚ್ಚಳ ತೆಗೆಯದೆ ಮುಕ್ಕಾಲು ಗಂಟೆಯ ಹತ್ತಿರ ಬೇಯಿಸಿ. ಅವು ಎರಡು ಪಟ್ಟು ಊದುತ್ತವೆ, ದೊಡ್ಡ ಪಾತ್ರೆಯೇ ಬೇಕು.

ಅಡುಗೆಗಿಂತ ಹೆಚ್ಚು ತಲೆ ಖರ್ಚಾಗುವುದು ಸಮಯದ ಲೆಕ್ಕಕ್ಕೆ. ಸೇಡರ್ ಶುರುವಾಗುವುದು ಕತ್ತಲಾದ ಮೇಲೆ; ಆ ವರ್ಷ ಹಬ್ಬದ ಮೊದಲ ರಾತ್ರಿ ಬಂದ ಏಪ್ರಿಲ್ 22ರಂದು ಇಲ್ಲಿ ಕತ್ತಲಾಗುವಷ್ಟರಲ್ಲಿ ಎಂಟು ದಾಟುತ್ತದೆ. ಸೇಡರ್‌ನ 15 ಹಂತಗಳಲ್ಲಿ ಊಟ ಬರುವುದು ಹನ್ನೊಂದನೆಯದಾಗಿ; ಅದಕ್ಕೆ ಮೊದಲು ಈಜಿಪ್ಟಿನ ಕಥೆ ಪೂರ್ತಿ ಓದಬೇಕು, ನಾಲ್ಕು ಬಟ್ಟಲು ವೈನ್‌ನಲ್ಲಿ ಎರಡು ಕುಡಿದಾಗಿರಬೇಕು. ಖಾಲಿ ಹೊಟ್ಟೆಯಲ್ಲಿ ಯಾರಿಗೂ ಕಥೆ ರುಚಿಸುವುದಿಲ್ಲ. ಮೂರನೆಯ ಹಂತವಾದ ಕಾರ್ಪಾಸ್‌ನಲ್ಲಿ ಉಪ್ಪುನೀರಿಗೆ ತರಕಾರಿ ಅದ್ದಿ ತಿನ್ನುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಒಂದು ಎಸಳು ಪಾರ್ಸ್ಲಿ. ನಾನು ಬೇಯಿಸಿದ ಆಲೂಗಡ್ಡೆಯನ್ನು ಬಟ್ಟಲುಗಟ್ಟಲೆ ಇಟ್ಟೆ. ಆಮೇಲೆ ಗಡಿಯಾರ ನೋಡಿದವರು ಕಡಿಮೆ.

ಸೇಡರ್ ರಾತ್ರಿ ಓದುವ ಹಗ್ಗಾದಾ ಪುಸ್ತಕ ಎಲ್ಲರ ಕೈಯಲ್ಲೂ ಒಂದೇ ಆವೃತ್ತಿ ಇರಬೇಕು, ಇಲ್ಲವಾದರೆ ಪುಟ ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ. ಅತ್ತೆಯ ಹತ್ತಿರ ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಕಂಪನಿ 1932ರಿಂದ ಹಂಚುತ್ತಾ ಬಂದಿರುವ ಹಗ್ಗಾದಾದ ಒಂದು ಕಟ್ಟೇ ಇತ್ತು. ಓದುವ ಭಾಗಗಳಿಗೆ ಹೆಸರು ಬರೆದ ಚೀಟಿ ಅಂಟಿಸಿದೆ. ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಏಕೆ ಬೇರೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವ ಹಕ್ಕು ಅತ್ಯಂತ ಕಿರಿಯರದ್ದು. ನಾದಿನಿಯ ಏಳು ವರ್ಷದ ಮಗಳಿಗೆ ವಾರ ಮೊದಲೇ ತಿಳಿಸಿದ್ದರಿಂದ ಅವಳು ಹೀಬ್ರೂದಲ್ಲೇ ಹಾಡಿದಳು.

ಮೇಜಿನ ಮೇಲಿಡುವ ಮೂರು ಮಾಟ್ಜಾಗಳಲ್ಲಿ ಮಧ್ಯದ್ದನ್ನು ಮುರಿದು ಬಚ್ಚಿಡುವ ತುಂಡಿಗೆ ಆಫಿಕೋಮನ್ ಎನ್ನುತ್ತಾರೆ. ಅದನ್ನು ತಿನ್ನದೆ ಊಟ ಮುಗಿಯುವಂತಿಲ್ಲ, ಹಾಗಾಗಿ ಹುಡುಕಿದ ಮಕ್ಕಳು ಹೇಳಿದ್ದೇ ಬೆಲೆ. ಬಹುಮಾನ ಏನೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ನಾದಿನಿಯ ಮಗಳು ಹತ್ತು ಡಾಲರ್‌ನಿಂದ ಚೌಕಾಶಿ ಶುರುಮಾಡಿದ್ದಳು. ಅತ್ತೆ ಮಧ್ಯೆ ಬಂದು ಇಪ್ಪತ್ತು ಕೊಡಿಸಿದರು.