ಕಾರಿಲ್ಲದೆ ಅಮೆರಿಕದ ಮೈದಾನಗಳನ್ನು ಸುತ್ತುವುದು ಹೇಗೆ?

ನಮ್ಮ ಭಾವ ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋದವರು, ಹೇಗೂ ಬಂದಾಗಿದೆ, ಬಾಸ್ಟನ್ನಿನ ಫೆನ್‌ವೇ ಪಾರ್ಕಿನಲ್ಲಿ ಒಂದು ಬೇಸ್‌ಬಾಲ್ ಪಂದ್ಯ ನೋಡಿಬಿಡೋಣ ಎಂದು ಹೊರಟರು. ರೈಲು ಟಿಕೆಟ್, ಎರಡು ರಾತ್ರಿಯ ಹೋಟೆಲ್, ಎಲ್ಲಕ್ಕೂ ಮೊದಲೇ ದುಡ್ಡು ಕಟ್ಟಿದ್ದರು. ಹೋಗಿ ನೋಡಿದರೆ ತಂಡವೇ ಊರಲ್ಲಿಲ್ಲ. ಆ ವಾರ ಅವರ ಆಟ ಕ್ಯಾಲಿಫೋರ್ನಿಯಾದಲ್ಲಿ. ಭಾವ ಮೈದಾನ ತೋರಿಸುವ ಟೂರ್ ತೆಗೆದುಕೊಂಡು, ಖಾಲಿ ಕುರ್ಚಿಗಳ ಫೋಟೊ ಹೊಡೆದುಕೊಂಡು ವಾಪಸ್ ಬಂದರು.

ನಗಬೇಡಿ. ನನಗೆ ಗೊತ್ತಿರುವವರೆಲ್ಲ ಇದೇ ತಪ್ಪು ಮಾಡುತ್ತಾರೆ. ಮೊದಲು ವಿಮಾನ, ಆಮೇಲೆ ಹೋಟೆಲ್, ಕೊನೆಗೆ ಪಂದ್ಯ. ಇದನ್ನು ಪೂರ್ತಿ ತಿರುವಿ ಹಾಕಬೇಕು.

ಹೆಜ್ಜೆ 1: ರೈಲು ಇರುವ ಕಡೆ ಹೋಗಿ

ಅಮೆರಿಕದಲ್ಲಿ ಕಾರಿಲ್ಲದೆ ಕಾಲಿಡಲು ಆಗಲ್ಲ ಅನ್ನುವ ಮಾತು ಬಹುಪಾಲು ನಿಜ. ಆದರೆ ಪೂರ್ವ ಕರಾವಳಿಯಲ್ಲಿ ಅಲ್ಲ. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್, ಈ ಐದೂ ಊರು ಒಂದೇ ರೈಲು ಮಾರ್ಗದಲ್ಲಿ ಮಣಿ ಪೋಣಿಸಿದ ಹಾಗೆ ಇವೆ. ತುದಿಯಿಂದ ತುದಿಗೆ ಸುಮಾರು 735 ಕಿ.ಮೀ. ಹೆಚ್ಚುಕಡಿಮೆ ಬೆಂಗಳೂರಿನಿಂದ ಬೀದರ್‌ಗೆ ಹೋದಷ್ಟು. ಈ ಐದು ಊರಲ್ಲಿ ಆರು ದೊಡ್ಡ ಬೇಸ್‌ಬಾಲ್ ತಂಡಗಳು. ನ್ಯೂಯಾರ್ಕಿಗೆ ಎರಡು, ಉಳಿದವಕ್ಕೆ ಒಂದೊಂದು.

ಇದು ಬಿಟ್ಟರೆ ಷಿಕಾಗೊ–ಮಿಲ್ವಾಕಿ ಜೋಡಿ (ರೈಲಿನಲ್ಲಿ ಒಂದೂವರೆ ಗಂಟೆ), ಸಿಯಾಟಲ್–ಪೋರ್ಟ್‌ಲೆಂಡ್ ಜೋಡಿ (ಮೂರೂವರೆ ಗಂಟೆ) ಪರವಾಗಿಲ್ಲ. ಬೇರೆ ಕಡೆ ಸಾಹಸ ಬೇಡ.

ತಂಡದ ಹೆಸರು ನೋಡಿ ಮೋಸ ಹೋಗಬೇಡಿ. ಡಲ್ಲಾಸ್ ಕೌಬಾಯ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಆಡುವುದು ಡಲ್ಲಾಸಿನಲ್ಲಲ್ಲ, ಪಕ್ಕದ ಆರ್ಲಿಂಗ್ಟನ್‌ನಲ್ಲಿ. ಆ ಮೈದಾನದ ಬಾಗಿಲಿಗೆ ರೈಲೇ ಬರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಹೆಸರಿನ ಫುಟ್‌ಬಾಲ್ ತಂಡದ ಮೈದಾನ ಸುಮಾರು 60 ಕಿ.ಮೀ. ದೂರದ ಸಾಂಟಾ ಕ್ಲಾರಾದಲ್ಲಿ. ನ್ಯೂಯಾರ್ಕ್ ಹೆಸರಿನ ಜೈಂಟ್ಸ್, ಜೆಟ್ಸ್ ಎರಡೂ ಫುಟ್‌ಬಾಲ್ ತಂಡ ಆಡುವುದು ನ್ಯೂಜೆರ್ಸಿಯಲ್ಲಿ. ಊರು ಆರಿಸುವ ಮೊದಲು ಮೈದಾನದ ವಿಳಾಸ ನಕ್ಷೆಯಲ್ಲಿ ಹಾಕಿ, ಸುತ್ತ ಬರೀ ಪಾರ್ಕಿಂಗ್ ಜಾಗ ಕಂಡರೆ ಹತ್ತಿರದ ಸ್ಟೇಷನ್ ಯಾವುದು ಎಂದು ಹುಡುಕಿ.

ಹೆಜ್ಜೆ 2: ಬೇಸ್‌ಬಾಲ್ ಆರಿಸಿ

ಅಮೆರಿಕನ್ ಫುಟ್‌ಬಾಲ್ ತಂಡ ಒಂದು ಋತುವಿನಲ್ಲಿ ಆಡುವುದೇ 17 ಪಂದ್ಯ, ಅದೂ ಹೆಚ್ಚಾಗಿ ಭಾನುವಾರ. ಬೇಸ್‌ಬಾಲ್ ತಂಡ ಆಡುವುದು 162. ಅದರಲ್ಲಿ 81 ತವರಿನಲ್ಲಿ. ಎರಡು ವಾರದಲ್ಲಿ ನಾಲ್ಕೈದು ಊರು ನೋಡಬೇಕಾದರೆ ಯಾವುದು ಅನ್ನುವುದಕ್ಕೆ ಚರ್ಚೆಯೇ ಬೇಡ.

ಹೆಜ್ಜೆ 3: ಲೆಕ್ಕದ ಪುಸ್ತಕ ತೆಗೆಯಿರಿ

ಎಲ್ಲರೂ ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಓದಿ.

ಮಕ್ಕಳ ಚೌಕುಳಿ ಹಾಳೆಯ ಲೆಕ್ಕದ ಪುಸ್ತಕ ಬೇಕು. ಎಕ್ಸೆಲ್ ಬೇಡ. ಫೋನಿನ ಪ್ರವಾಸ ಆ್ಯಪ್‌ಗಳಂತೂ ಬೇಡವೇ ಬೇಡ, ಅವು ಹೋಟೆಲ್ ಮಾರುವುದಕ್ಕೆ ಇರುವಂಥವು. ಎಡಗಡೆ ಮೇಲಿನಿಂದ ಕೆಳಕ್ಕೆ ತಾರೀಖು ಮತ್ತು ವಾರ ಬರೆಯಿರಿ. ನಿಮಗೆ ಬೇಕಿರುವುದು ಎರಡು ವಾರವಾದರೆ ನಾಲ್ಕು ವಾರ ಬರೆಯಿರಿ. ತಲೆಯ ಮೇಲೆ ಆರು ತಂಡದ ಹೆಸರು, ಬಾಸ್ಟನ್ನಿನಿಂದ ವಾಷಿಂಗ್ಟನ್‌ವರೆಗೆ ರೈಲು ಹೋಗುವ ಕ್ರಮದಲ್ಲೇ. ಈಗ ಬೇಸ್‌ಬಾಲ್ ಲೀಗಿನ (ಎಂಎಲ್‌ಬಿ) ವೆಬ್‌ಸೈಟಿನಲ್ಲಿ ಒಂದೊಂದೇ ತಂಡದ ವೇಳಾಪಟ್ಟಿ ತೆರೆದು, ತವರಿನ ಪಂದ್ಯ ಇರುವ ದಿನದ ಚೌಕ ತುಂಬಿ. ಮಧ್ಯಾಹ್ನದ ಆಟಕ್ಕೆ ‘ಮ’, ರಾತ್ರಿಯದಕ್ಕೆ ‘ರಾ’.

ತುಂಬಿಸುತ್ತಾ ಹೋದ ಹಾಗೆ ಒಂದು ವಿಷಯ ಕಾಣುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಈ ತಂಡಗಳೂ ಒಂದು ವಾರ, ಹತ್ತು ದಿನ ಊರಲ್ಲಿದ್ದು ಹೊರಟುಬಿಡುತ್ತವೆ. ಆಮೇಲೆ ಅಷ್ಟೇ ದಿನ ಪತ್ತೆಯಿಲ್ಲ. ಹಾಳೆಯ ಮೇಲೆ ತುಂಬಿದ ಪಟ್ಟಿ, ಖಾಲಿ ಪಟ್ಟಿ, ಮತ್ತೆ ತುಂಬಿದ ಪಟ್ಟಿ. ಆರು ತಂಡದ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಹೊಂದುವ ಕಡೆ ದಾರಿ ಮಾಡಿಕೊಳ್ಳುವುದೇ ಕೆಲಸ. ಚೌಕಾಬಾರ ಆಡಿದವರಿಗೆ ಇದು ಬೇಗ ಹತ್ತುತ್ತದೆ.

ಮೊದಲು ಬಾಸ್ಟನ್ ಗಟ್ಟಿ ಮಾಡಿಕೊಳ್ಳಿ. ಅದು ಮಾರ್ಗದ ತುದಿ, ಅಲ್ಲಿ ಇನ್ನೊಂದು ತಂಡವೂ ಇಲ್ಲ. ಎರಡನೆಯದು ಫಿಲಡೆಲ್ಫಿಯಾ. ಅದೂ ಒಂಟಿ. ನ್ಯೂಯಾರ್ಕಿನ ಚಿಂತೆ ಕೊನೆಗಿರಲಿ. ಯಾಂಕೀಸ್ ಊರಲ್ಲಿಲ್ಲದಿದ್ದರೆ ಅನೇಕ ಸಲ ಮೆಟ್ಸ್ ಇರುತ್ತದೆ. ಬಾಲ್ಟಿಮೋರ್, ವಾಷಿಂಗ್ಟನ್ ನಡುವೆ ಇರುವುದು 60 ಕಿ.ಮೀ. ಅಷ್ಟೆ, ಎರಡನ್ನೂ ಒಂದೇ ಊರು ಅಂದುಕೊಳ್ಳಿ. ಜನ ಮಾಡುವುದು ಇದಕ್ಕೆ ಉಲ್ಟಾ. ನ್ಯೂಯಾರ್ಕಿನ ಆಸೆಗೆ ಮೊದಲು ಅದನ್ನೇ ಗುರುತು ಹಾಕಿ, ಕೊನೆಗೆ ಬಾಸ್ಟನ್ ಖಾಲಿ ಇದೆ ಎಂದು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಸೋಮವಾರ, ಗುರುವಾರಗಳ ಚೌಕ ಅಲ್ಲಲ್ಲಿ ಖಾಲಿ ಬೀಳುತ್ತದೆ. ತಂಡಗಳ ವಿಶ್ರಾಂತಿ ಹೆಚ್ಚಾಗಿ ಆ ದಿನಗಳಲ್ಲೇ. ನಿಮ್ಮ ದೂರದ ರೈಲು ಪ್ರಯಾಣವನ್ನು ಆ ಖಾಲಿ ಚೌಕದಲ್ಲಿ ಕೂರಿಸಿ. ಜುಲೈ ನಡುವೆ, ಆಯ್ದ ತಾರೆಗಳು ಆಡುವ ಆಲ್ ಸ್ಟಾರ್ ಪಂದ್ಯಕ್ಕೆಂದು ಮೂರ್ನಾಲ್ಕು ದಿನ ಎಲ್ಲ ತಂಡಗಳ ಲೀಗ್ ಪಂದ್ಯಗಳೂ ಬಂದ್. ಬೇಸಿಗೆ ರಜೆ ಎಂದು ಸರಿಯಾಗಿ ಆ ವಾರವೇ ಹೋಗಿ ಕೂತವರನ್ನು ನೋಡಿದ್ದೇನೆ.

ಒಂದು ತಂಡದ ಮೇಲಿನ ಮೂರ್ನಾಲ್ಕು ಪಂದ್ಯದ ಸರಣಿಯಲ್ಲಿ ಕೊನೆಯದು ವಾರದ ನಡುವೆ ಬಂದರೆ, ಅದು ಎಷ್ಟೋ ಸಲ ಮಧ್ಯಾಹ್ನವೇ ಇರುತ್ತದೆ. ತಂಡಗಳು ಸಂಜೆ ಬೇರೆ ಊರಿಗೆ ಹೊರಡಬೇಕಲ್ಲ. ಈ ‘ಮ’ ಇರುವ ಚೌಕ ಬಂಗಾರ. 2023ರಲ್ಲಿ ಬೌಲಿಂಗಿಗೆ, ಅಂದರೆ ಅವರ ಪಿಚಿಂಗಿಗೆ, ಗಡಿಯಾರ ಇಟ್ಟ ಮೇಲೆ ಪಂದ್ಯಗಳು ಸುಮಾರು ಎರಡೂಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತವೆ. 1 ಗಂಟೆಗೆ ಶುರುವಾದದ್ದು ಸಾಮಾನ್ಯವಾಗಿ 4ರ ಹೊತ್ತಿಗೆ ಮುಗಿದು, ನೀವು ಸಂಜೆಯ ರೈಲಿನಲ್ಲಿರುತ್ತೀರಿ. ವಾಷಿಂಗ್ಟನ್ನಿನಲ್ಲಿ ‘ಮ’, ಅದೇ ದಿನ ಬಾಲ್ಟಿಮೋರಿನಲ್ಲಿ ‘ರಾ’ ಸಿಕ್ಕರೆ ಒಂದೇ ದಿನ ಎರಡು ಪಂದ್ಯ. ಆದರೆ ಕೈಯಲ್ಲಿ ಲಗೇಜ್ ಇರಬಾರದು.

ಮಳೆಗೂ ಜಾಗ ಬಿಡಿ. ಐದು ಇನ್ನಿಂಗ್ಸ್ (ಒಂದು ಪಂದ್ಯಕ್ಕೆ ಒಂಬತ್ತು) ಆಗುವ ಮೊದಲೇ ಮಳೆ ಹಿಡಿದು ನಿಲ್ಲದಿದ್ದರೆ ಪಂದ್ಯ ಇನ್ನೊಂದು ದಿನಕ್ಕೆ ಹೋಗುತ್ತದೆ, ನೀವು ಆ ದಿನ ಬೇರೆ ಊರಲ್ಲಿರುತ್ತೀರಿ. ನಿಮಗೆ ತೀರಾ ಆಸೆಯಿರುವ ಮೈದಾನದ ಊರಲ್ಲಿ ಎರಡು ದಿನ ಆಟವಿರುವಾಗಲೇ ಇರಿ.

ಇನ್ನೊಂದು ಗುಂಡಿ: ಸಮಯ. ಬೆಂಗಳೂರಿನಲ್ಲಿ ಕೂತು ವೇಳಾಪಟ್ಟಿಯನ್ನು ಫೋನಿನ ಕ್ಯಾಲೆಂಡರಿಗೆ ಹಾಕಿಕೊಂಡರೆ ಅದು ನಮ್ಮ ಸಮಯಕ್ಕೆ ಬದಲಾಗುತ್ತದೆ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಮಂಗಳವಾರ ಸಂಜೆ 7.05 ಅಂದರೆ ಇಲ್ಲಿ ಬುಧವಾರ ಬೆಳಗಿನ ಜಾವ 4.35. ಬುಧವಾರ ಎಂದು ನೋಡಿ ಬುಧವಾರಕ್ಕೆ ಹೋಟೆಲ್ ಹಾಕಿಬಿಟ್ಟರೆ ಪಂದ್ಯ ಹಿಂದಿನ ರಾತ್ರಿಯೇ ಮುಗಿದಿರುತ್ತದೆ. ಅದಕ್ಕೇ ಹೇಳಿದ್ದು, ಕೈಯಲ್ಲಿ ಬರೆಯಿರಿ, ಮೈದಾನದ ಊರಿನ ಸಮಯವನ್ನೇ ಬರೆಯಿರಿ.

ಕೊನೆಗೆ ಪೆನ್ಸಿಲಿನಲ್ಲಿ ಚೌಕದಿಂದ ಚೌಕಕ್ಕೆ ಗೆರೆ ಎಳೆಯಿರಿ. ಗೆರೆ ಒಂದೇ ಕಡೆಗೆ ಸಾಗಿದರೆ ಅದೃಷ್ಟ. ಒಂದೆರಡು ಸಲ ಹಿಂದೆ ಮುಂದೆ ಆದರೂ ತಲೆ ಕೆಡಿಸಿಕೊಳ್ಳಬೇಡಿ, ರೈಲು ಇದೆ.

ಹೆಜ್ಜೆ 4: ಈಗ ವಿಮಾನ

ಬಾಸ್ಟನ್ನಿಗೆ ಇಳಿದು ವಾಷಿಂಗ್ಟನ್ನಿನಿಂದ ಹತ್ತುವ ಹಾಗೆ ತೆಗೆದುಕೊಳ್ಳಿ. ವಾಷಿಂಗ್ಟನ್ನಿನ ಡಲಸ್ (Dulles) ವಿಮಾನ ನಿಲ್ದಾಣಕ್ಕೆ 2022ರಿಂದ ಮೆಟ್ರೊ ಇದೆ.

ಹೆಜ್ಜೆ 5: ರೈಲು

ಅಮೆರಿಕದ ದೂರದ ರೈಲು ಓಡಿಸುವ ಸಂಸ್ಥೆ ಆಮ್‌ಟ್ರಾಕ್‌ನ ಎರಡು ಬಗೆಯ ರೈಲು ಈ ಮಾರ್ಗದಲ್ಲಿ ಓಡುತ್ತವೆ. ಅಸೆಲಾ ವೇಗ, ದುಬಾರಿ. ನಾರ್ತ್‌ಈಸ್ಟ್ ರೀಜನಲ್ ಸ್ವಲ್ಪ ನಿಧಾನ. ರೀಜನಲ್ಲೇ ಸಾಕು. ಬಾಸ್ಟನ್‌–ನ್ಯೂಯಾರ್ಕ್ ನಾಲ್ಕು ಗಂಟೆ ಚಿಲ್ಲರೆ, ನ್ಯೂಯಾರ್ಕ್‌–ಫಿಲಡೆಲ್ಫಿಯಾ ಒಂದೂವರೆ, ಅಲ್ಲಿಂದ ವಾಷಿಂಗ್ಟನ್ ಎರಡು ಗಂಟೆ. ಉಳಿದ ದುಡ್ಡಿಗೆ ಒಳ್ಳೆ ಸೀಟಿನಲ್ಲಿ ಆಟ ನೋಡಬಹುದು. ಬಾಸ್ಟನ್ನಿನಿಂದ ಬರುವಾಗ ಎಡಗಡೆ ಕಿಟಕಿ ಹಿಡಿಯಿರಿ, ಸಮುದ್ರ ಕಾಣುತ್ತದೆ. ದಿನ ಹತ್ತಿರ ಬಂದಷ್ಟೂ ದರ ಏರುತ್ತದೆ. ಗೆರೆ ಎಳೆದ ದಿನವೇ ಟಿಕೆಟ್ ಮಾಡಿ.

ಟಿಕೆಟ್ ಮಾಡುವಾಗ ಸ್ಟೇಷನ್ನಿನ ಹೆಸರು ಎರಡು ಸಲ ಓದಿ. ಈ ಒಂದೇ ಮಾರ್ಗದಲ್ಲಿ ‘ಪೆನ್ ಸ್ಟೇಷನ್’ ಮೂರಿವೆ: ನ್ಯೂಯಾರ್ಕ್, ನ್ಯೂವಾರ್ಕ್, ಬಾಲ್ಟಿಮೋರ್. ನ್ಯೂಯಾರ್ಕ್, ನ್ಯೂವಾರ್ಕ್ ಎಂದು ಗದ್ದಲದಲ್ಲಿ ಕೂಗಿದರೆ ನಮ್ಮ ಕಿವಿಗೆ ಎರಡೂ ಒಂದೇ.

ಅಗ್ಗವೆಂದು ಬಸ್ಸಿಗೆ ಹೋಗುವವರಿಗೆ ಒಂದು ಮಾತು. ಒಂದು ಸಲ ನಾನೂ ಹೋದೆ. ‘ನಿಲ್ದಾಣ’ ಅಂದರೆ ಒಂದು ರಸ್ತೆಯ ಮೂಲೆ. ನೆರಳಿಲ್ಲ, ಬೆಂಚಿಲ್ಲ. ಬಸ್ ಬಂದದ್ದು ಒಂದೂವರೆ ಗಂಟೆ ತಡ. ಮೈದಾನ ಮುಟ್ಟಿದಾಗ ನಾಲ್ಕು ಇನ್ನಿಂಗ್ಸ್ ಮುಗಿದಿತ್ತು. ದುಡ್ಡು ಉಳಿಸಲೇಬೇಕು ಅಂದರೆ ನ್ಯೂಯಾರ್ಕ್‌–ಫಿಲಡೆಲ್ಫಿಯಾ ನಡುವೆ ಬೇರೆ ಉಪಾಯ ಇದೆ. ನ್ಯೂಜೆರ್ಸಿ ಟ್ರಾನ್ಸಿಟ್‌ನ ಲೋಕಲ್ ರೈಲಿನಲ್ಲಿ ಟ್ರೆಂಟನ್‌ವರೆಗೆ, ಅಲ್ಲಿಂದ ಫಿಲಡೆಲ್ಫಿಯಾದ ಲೋಕಲ್ ಆದ ಸೆಪ್ಟಾ ರೈಲು. ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ, ಆದರೆ ದಿನ ಹತ್ತಿರ ಬಂತೆಂದು ದರ ಏರುವುದಿಲ್ಲ.

ಹೆಜ್ಜೆ 6: ಹೋಟೆಲ್

ಮೈದಾನದ ಹತ್ತಿರ ಅಲ್ಲ, ರೈಲು ಸ್ಟೇಷನ್ನಿನ ಹತ್ತಿರ. ಊರೂರಿಗೆ ಪೆಟ್ಟಿಗೆ ಎಳೆಯಲು ಆಗದವರು ಫಿಲಡೆಲ್ಫಿಯಾದಲ್ಲೇ ಐದಾರು ದಿನ ಬಿಡಾರ ಹೂಡಿ. ನ್ಯೂಯಾರ್ಕ್, ಬಾಲ್ಟಿಮೋರ್, ವಾಷಿಂಗ್ಟನ್ ಮೂರಕ್ಕೂ ಅಲ್ಲಿಂದ ಹೋಗಿ ಬರಬಹುದು. ಆದರೆ ವಾಪಸ್ ಬರುವ ಕೊನೆಯ ರೈಲು ಎಷ್ಟು ಗಂಟೆಗೆ ಎಂದು ಮೊದಲೇ ನೋಡಿಕೊಂಡಿರಿ.

ಹೆಜ್ಜೆ 7: ಪಂದ್ಯದ ಟಿಕೆಟ್

ಕಾಗದದ ಟಿಕೆಟ್ ಕಾಲ ಮುಗಿಯಿತು. ಟಿಕೆಟ್ ಫೋನಿನ ಆ್ಯಪ್‌ನಲ್ಲೇ ಇರುತ್ತದೆ, ಎಷ್ಟೋ ಕಡೆ ಬಾರ್‌ಕೋಡ್ ಬದಲಾಗುತ್ತಲೇ ಇರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಗೇಟಿನಲ್ಲಿ ನಡೆಯದು. ಗೇಟಿನ ಹೊರಗೆ ಯಾರಾದರೂ ಕಾಗದ ಹಿಡಿದು ಕರೆದರೆ ಸುಮ್ನೆ ಮುಂದೆ ನಡೆಯಿರಿ. ಇಡೀ ಮನೆಯ ಟಿಕೆಟ್ ಒಬ್ಬರ ಫೋನಿನಲ್ಲಿರಲಿ, ಆ ಫೋನಿನಲ್ಲಿ ಚಾರ್ಜ್ ಇರಲಿ. ಒಟಿಪಿ ಬರುವ ಭಾರತದ ಸಿಮ್ ತೆಗೆದಿಡಬೇಡಿ.

2025ರ ಮೇ ತಿಂಗಳಿಂದ ಅಲ್ಲಿ ಶುಲ್ಕವೆಲ್ಲ ಸೇರಿದ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕೆಂಬ ನಿಯಮ ಬಂದಿದೆ. ಹಾಗಾಗಿ ಎರಡು ಮೂರು ಕಡೆ ಬೆಲೆ ಹೋಲಿಸುವುದು ಈಗ ಸುಲಭ.

ಹೆಜ್ಜೆ 8: ಬ್ಯಾಗ್

ನನ್ನ ಕಣ್ಣೆದುರೇ ನಡೆದದ್ದು. ಗೇಟಿನಲ್ಲಿ ಒಬ್ಬರು ನಮ್ಮವರೇ, ಬೆನ್ನಿಗೆ ದೊಡ್ಡ ಬ್ಯಾಗ್. ಒಳಗೆ ಛತ್ರಿ, ಸ್ವೆಟರ್, ಸ್ಟೀಲ್ ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ. ಕಾವಲಿನವರು ಡಬ್ಬಿ ತೆರೆಸಿಯೂ ನೋಡಲಿಲ್ಲ. ‘ಬ್ಯಾಗ್ ಒಳಗೆ ಬಿಡಲ್ಲ’ ಅಷ್ಟೆ. ಅವರು ಮೆಟ್ರೊ ಹತ್ತಿ ಹೋಟೆಲಿಗೆ ಹೋಗಿ, ಇಟ್ಟು ಬರುವಷ್ಟರಲ್ಲಿ ಮೂರು ಇನ್ನಿಂಗ್ಸ್ ಹೋಯಿತು.

ನಿಯಮ ಮೈದಾನಕ್ಕೊಂದು. ಫುಟ್‌ಬಾಲ್ ಮೈದಾನಗಳಲ್ಲಿ ಒಳಗಿರುವುದೆಲ್ಲ ಕಾಣುವ ಪಾರದರ್ಶಕ ಚೀಲ, ಅದೂ 12 ಇಂಚು ಅಗಲ, 12 ಎತ್ತರ, 6 ದಪ್ಪದ ಒಳಗೆ. ಬೇಸ್‌ಬಾಲ್‌ನಲ್ಲಿ ಸ್ವಲ್ಪ ಸಡಿಲ, ಆದರೂ ಬೆನ್ನಿನ ಬ್ಯಾಗಿಗೆ ಹಲವು ಕಡೆ ಅಡ್ಡಿ. ಆನ್‌ಲೈನಿನಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ಚೀಲ ಎರಡನೇ ಪಂದ್ಯಕ್ಕೆ ಹೊಲಿಗೆ ಬಿಡುತ್ತದೆ. ಜೇಬು ಜಾಸ್ತಿ ಇರುವ ಪ್ಯಾಂಟ್ ಹಾಕಿಕೊಂಡು ಕೈಬೀಸಿಕೊಂಡು ಹೋಗಿ. ಹಲವು ಬೇಸ್‌ಬಾಲ್ ಮೈದಾನಗಳು ಹೊರಗಿನ ತಿಂಡಿಯನ್ನು ಪಾರದರ್ಶಕ ಕವರಿನಲ್ಲಿ ತಂದರೆ ಬಿಡುತ್ತವೆ. ಚಪಾತಿಗೆ ಸ್ಟೀಲ್ ಡಬ್ಬಿ ಬೇಡ, ಜಿಪ್ ಕವರ್ ಸಾಕು.

ಹೆಜ್ಜೆ 9: ಸ್ಟೇಷನ್ನಿನಿಂದ ಸೀಟಿಗೆ

ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್ ಮೆಟ್ರೊಗಳಲ್ಲಿ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ತಟ್ಟಿದರೆ ಗೇಟ್ ತೆರೆಯುತ್ತದೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡೂ ಆನ್ ಮಾಡಿ. ಪ್ರವಾಸಿ ಪಾಸು ಕೊಳ್ಳಬೇಡಿ.

ಯಾಂಕೀಸ್ ಮೈದಾನಕ್ಕೆ 4 ಅಥವಾ ಡಿ ರೈಲು, 161ನೇ ಬೀದಿ. ಮೆಟ್ಸ್‌ಗೆ 7ನೇ ನಂಬರ್. ಫಿಲಡೆಲ್ಫಿಯಾದಲ್ಲಿ ಬ್ರಾಡ್ ಸ್ಟ್ರೀಟ್ ಲೈನಿನ ದಕ್ಷಿಣದ ಕೊನೆಯ ಸ್ಟೇಷನ್. ವಾಷಿಂಗ್ಟನ್ನಿನಲ್ಲಿ ಗ್ರೀನ್ ಲೈನ್, ನೇವಿ ಯಾರ್ಡ್. ಬಾಲ್ಟಿಮೋರಿನ ಕ್ಯಾಮ್ಡೆನ್ ಯಾರ್ಡ್ಸ್ ಪೆನ್ ಸ್ಟೇಷನ್ನಿನಿಂದ ಸುಮಾರು ಮೂರು ಕಿ.ಮೀ. ಅಲ್ಲೊಂದು ಕಡೆ ಟ್ಯಾಕ್ಸಿ ಮಾಡಿದರೆ ತಪ್ಪಿಲ್ಲ. ಬಾಸ್ಟನ್ನಿನಲ್ಲಿ ಗ್ರೀನ್ ಲೈನಿನ ಬಿ, ಸಿ, ಡಿ ಯಾವುದಾದರೂ ಹತ್ತಿ ಕೆನ್‌ಮೋರ್‌ನಲ್ಲಿ ಇಳಿಯಿರಿ. ಇ ಹತ್ತಿದರೆ ಅದು ಬೇರೆ ಕಡೆ ತಿರುಗುತ್ತದೆ.

ರಾತ್ರಿ ವಾಪಸಾತಿಗೆ ನ್ಯೂಯಾರ್ಕಿನಲ್ಲಿ ಭಯವಿಲ್ಲ, ಅಲ್ಲಿ ಸಬ್‌ವೇ ಇಡೀ ರಾತ್ರಿ ಓಡುತ್ತದೆ. ವಾಷಿಂಗ್ಟನ್ ಮೆಟ್ರೊ ಶುಕ್ರವಾರ, ಶನಿವಾರ ಬಿಟ್ಟು ಉಳಿದ ದಿನ ಮಧ್ಯರಾತ್ರಿಗೆ ಮುಚ್ಚುತ್ತದೆ. ಆಟ ಸಮವಾಗಿ ಎಕ್ಸ್‌ಟ್ರಾ ಇನ್ನಿಂಗ್ಸ್‌ಗೆ ಹೋದರೆ ಗಡಿಯಾರ ನೋಡುತ್ತಿರಿ.

ಫೆನ್‌ವೇಯಲ್ಲಿ ಪಂದ್ಯ ಮುಗಿದ ಕೂಡಲೇ ಕೆನ್‌ಮೋರ್ ಸ್ಟೇಷನ್ ಜಾತ್ರೆಯಾಗಿರುತ್ತದೆ. ಅಲ್ಲಿ ನೂಕಾಡಬೇಡಿ. ಹೋಟೆಲ್ ಬ್ಯಾಕ್ ಬೇ ಕಡೆ ಹಿಡಿದಿದ್ದರೆ ಕಾಮನ್‌ವೆಲ್ತ್ ಅವೆನ್ಯೂ ಹಿಡಿದು ಅರ್ಧ ಗಂಟೆ ನಡೆದರಾಯಿತು. ರಸ್ತೆ ನಡುವೆ ಉದ್ದಕ್ಕೂ ಮರಗಳು, ಹಿಂದೆ ಮುಂದೆ ಟೋಪಿ ಹಾಕಿಕೊಂಡು ಅದೇ ಪಂದ್ಯದ ಬಗ್ಗೆ ಜಗಳವಾಡುತ್ತಾ ಹೋಗುವ ಜನ.