ಅಡಿಕೆ ತೋಟದೊಳಗೆ ವೈಫೈ ಲಿಂಕ್: ಮಳೆಗಾಲ ಪಾಸಾಯ್ತು

ಪಂಪ್‌ಹೌಸಿನ ಕ್ಯಾಮೆರಾಕ್ಕೆ ಮನೆಯ ನೆಟ್ ಮುಟ್ಟಿಸಬೇಕಿತ್ತು. ಮನೆಯಿಂದ ಅಲ್ಲಿಗೆ ಹೆಚ್ಚುಕಮ್ಮಿ ನೂರಿಪ್ಪತ್ತು ಮೀಟರ್. ನಡುವೆ ಪೂರ್ತಿ ಅಡಿಕೆ ತೋಟ. ‘ಹಳೇ ರೌಟರಲ್ಲಿ ಆಗೋದಲ್ಲ ಬಿಡಿ’ ಅಂದ ಅಂಗಡಿಯವರು ಹೊರಗೆ ಹಾಕುವ ರೇಡಿಯೋ ಜೋಡಿಗೆ ಹತ್ತು ಸಾವಿರದ ಹತ್ತಿರ ಹೇಳಿದರು. ನಮ್ಮ ಭಾವನದೂ ಅದೇ ರಾಗ. ನಾನು ಸೆಕೆಂಡ್ ಹ್ಯಾಂಡ್ ಟಿಪಿ-ಲಿಂಕ್ ಆರ್ಚರ್ ಸಿ7 ರೌಟರ್ ಎರಡು ತಂದೆ, ಒಂದಕ್ಕೆ ಒಂಬೈನೂರೋ ಏನೋ. ಎರಡಕ್ಕೂ ಕಂಪನಿಯ ಸಾಫ್ಟ್‌ವೇರ್ ಬದಲು ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದೆ.

ಮೊದಲು ರೇಡಿಯೋ0, ಅಂದರೆ 5 ಗಿಗಾಹರ್ಟ್ಸ್‌ನಲ್ಲಿ ಡಬ್ಲ್ಯುಡಿಎಸ್ ಲಿಂಕ್ (ಎರಡು ರೌಟರನ್ನು ವೈಫೈಯಲ್ಲೇ ಒಂದೇ ನೆಟ್‌ವರ್ಕ್ ಆಗಿ ಜೋಡಿಸುವುದು) ಕಟ್ಟಿದೆ. ಏಪ್ರಿಲ್‌ನಲ್ಲಿ ಭರ್ಜರಿ. ಜೂನ್‌ನಲ್ಲಿ ಸೋಗೆ ನೆನೆದದ್ದೇ ತಡ, ಮೈನಸ್ 70 ಡಿಬಿಎಂನಲ್ಲಿದ್ದ ಸಿಗ್ನಲ್ ಮೈನಸ್ 85ರ ಆಚೆ ಬಿತ್ತು (ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ಕಮ್ಮಿ). ರೇಡಿಯೋ1ಕ್ಕೆ, ಅಂದರೆ 2.4 ಗಿಗಾಹರ್ಟ್ಸ್‌ಗೆ ಬಂದೆ. ಚಾನೆಲ್ 11, ಅಗಲ 20 ಮೆಗಾಹರ್ಟ್ಸ್. 40 ಆಸೆ ಬೇಡ.

ಅಲ್ಲಿಗೂ ಮುಗಿಯಲಿಲ್ಲ. ಕ್ಯಾಮೆರಾದ ವೈಫೈ 2.4 ಮಾತ್ರ, ಹಾಗಾಗಿ ಪಂಪ್‌ಹೌಸಿನಲ್ಲಿ ಒಂದೇ ರೇಡಿಯೋ ಮೇಲೆ ಕ್ಲೈಂಟೂ (ಮನೆ ರೌಟರಿಗೆ ಸೇರುವ ಕೆಲಸ) ಎಪಿಯೂ (ಸುತ್ತಲಿಗೆ ವೈಫೈ ಹಂಚುವ ಕೆಲಸ) ಕೂತವು. ಮನೆ ಕಡೆ ಲಿಂಕ್ ಸಿಗದಿದ್ದರೆ ಆ ಎಪಿಯೂ ಏಳುವುದಿಲ್ಲ, ಫೋನಿನಿಂದ ಒಳಹೊಕ್ಕು ನೋಡೋಣ ಅಂದರೆ ಹೆಸರೇ ಕಾಣಲ್ಲ, ಕೊಡೆ ಹಿಡಿದು ಲ್ಯಾಪ್‌ಟಾಪೂ ಲ್ಯಾನ್ ಕೇಬಲ್ಲೂ ಹೊತ್ತುಕೊಂಡು ಜಿಗಣೆಗಳ ನಡುವೆ ಹೋಗಬೇಕು. ಕೊನೆಗೆ ಕ್ಯಾಮೆರಾವನ್ನು ಲ್ಯಾನ್ ಪೋರ್ಟಿಗೆ ಚುಚ್ಚಿದೆ. ರೇಡಿಯೋ1ರಲ್ಲಿ ಬರೀ ಕ್ಲೈಂಟ್, ರೇಡಿಯೋ0ದಲ್ಲಿ ಬರೀ ಎಪಿ. ಲಿಂಕ್ ಸತ್ತರೂ ಪಕ್ಕದಲ್ಲಿ ನಿಂತು ಫೋನಿನಲ್ಲೇ ನೋಡಬಹುದು.

ಇನ್ನು ಎತ್ತರದ ವಿಷಯ. ಟೆರೇಸ್ ಮೇಲೆ ಇಡಿ ಅಂತ ಎಲ್ಲರದೂ ಸಲಹೆ. ಅಡಿಕೆಯಲ್ಲಿ ಅದು ಉಲ್ಟಾ! ಮೇಲೆ ಬರೀ ಸೋಗೆ, ಕೆಳಗೆ ಬರೀ ಕಾಂಡ. ರೌಟರನ್ನು ಜಗಲಿಯ ಮಟ್ಟಕ್ಕೆ ಇಳಿಸಿದ ಮೇಲೆ ಏನಿಲ್ಲವೆಂದರೂ ಎಂಟು ಹತ್ತು ಡಿಬಿ ಹೆಚ್ಚು ಸಿಗ್ನಲ್ ಸಿಕ್ಕಿತು. ಪಂಪ್‌ಹೌಸಿನದನ್ನು ಯಾವುದರೊಳಗೆ ಇಟ್ಟು ತೇವ ತಡೆದೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ 802.11ಎಸ್ ಮೆಶ್ (ರೌಟರುಗಳು ತಾವೇ ದಾರಿ ಹುಡುಕಿ ಒಂದಕ್ಕೊಂದು ಸೇರುವ ಜಾಲ) ಕೂಡ ಮಾಡಿ ನೋಡಿದೆ. ವೈಫೈ ಪಾಸ್‌ವರ್ಡ್ ನೋಡಿಕೊಳ್ಳುವ ಬೇಸಿಕ್ ಡಬ್ಲ್ಯುಪ್ಯಾಡ್ ಪ್ಯಾಕೇಜ್ ತೆಗೆದು ಮೆಶ್ ಇರುವುದನ್ನು ಹಾಕಬೇಕು, ಇಲ್ಲದಿದ್ದರೆ ಪಾಸ್‌ವರ್ಡ್ ಹಾಕಿದ ಮೆಶ್ ಏಳಲ್ಲ. ಎರಡೇ ರೌಟರಿಗೆ ಅಷ್ಟು ರಗಳೆ ಯಾಕೆ ಅಲ್ವಾ? ವಾಪಸ್ ಡಬ್ಲ್ಯುಡಿಎಸ್.

ಈಗ ಜೋರು ಮಳೆಯಲ್ಲೂ ಇಪ್ಪತ್ತು ಎಂಬಿಪಿಎಸ್ ಆಚೀಚೆ ಬರುತ್ತದೆ. ಕ್ಯಾಮೆರಾಕ್ಕೆ ಮೂರು ನಾಲ್ಕು ಸಾಕು. ಕೇಬಲ್ಲು, ಡಬ್ಬಿ, 12 ವೋಲ್ಟಿನ ಹಳೇ ಬ್ಯಾಟರಿಗೆ ಹಾಕಿದ ಕನ್ವರ್ಟರ್ ಎಲ್ಲ ಸೇರಿ ಮೂರು ಸಾವಿರ ದಾಟಿಲ್ಲ. ಭಾವ ಈಗ ಅವರ ಕೊಟ್ಟಿಗೆಗೂ ಒಂದು ಜೋಡಿ ಕೇಳುತ್ತಿದ್ದಾರೆ. ರೌಟರ್ ನೀವೇ ತನ್ನಿ ಅಂದಿದ್ದೇನೆ.